ಕೊಟ್ಟಿಗೆಯಾಗಿದ್ದ ದೇವಾಲಯ



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭವೇಳೆಯಲ್ಲಿ ಹಾಳುಬಿದ್ದ ಗುಡಿಯೊಂದರ ಕಥೆಯನ್ನು ಎತ್ತಿಕೊಂಡಿದ್ದೇವೆ, ತಾವು ಮನ್ನಿಸಬೇಕು. ಕಟ್ಟಿದ್ದು ಹೇಗೆ ಉಳಿಯುತ್ತದೆಂಬ ಪ್ರಶ್ನೆಯು ನಮ್ಮನ್ನು ಕಾಡುವುದು ಇಂತಹ ದಿನದಂದೇ.

ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ವಾಲ್ಸಿಂಗ್‌ಹ್ಯಾಮ್ ಮಧ್ಯಯುಗದಲ್ಲಿ ದೇವಮಾತೆಯ ಹೆಸರಾಂತ ಯಾತ್ರಾಸ್ಥಳವಾಗಿತ್ತು. 1061ರಲ್ಲಿ ರಿಚೆಲ್ಡಿಸ್ ಎಂಬ ಕುಲೀನ ಮಹಿಳೆಯು ದರ್ಶನ ಪಡೆದು, ನಜರೇತಿನ ಮನೆಯ ಮಾದರಿಯನ್ನು ಅಲ್ಲಿ ಕಟ್ಟಿಸಿದಳೆಂಬುದು ಪರಂಪರಾಗತ ನಂಬಿಕೆ. ಅದಕ್ಕೆ ಒಂದು ಮೈಲಿ ಈಚೆಗೆ, ಸುಮಾರು 1340ರಲ್ಲಿ, ಸಂತ ಕ್ಯಾಥರೀನಮ್ಮನವರ ಹೆಸರಿನಲ್ಲಿ ಪುಟ್ಟ ಗುಡಿಯೊಂದು ಎದ್ದಿತು. ಯಾತ್ರಿಕರು ಇಲ್ಲಿ ಪಾದರಕ್ಷೆ ಕಳಚಿಟ್ಟು ಬರಿಗಾಲಿನಲ್ಲಿ ಮುಂದುವರಿಯುತ್ತಿದ್ದರಂತೆ. ‘ಸ್ಲಿಪರ್ ಚಾಪೆಲ್’ ಎಂಬ ಹೆಸರನ್ನು ಹಲವರು ಹೀಗೆಯೇ ಅರ್ಥೈಸುತ್ತಾರೆ. ಪವಿತ್ರ ಸ್ಥಳದ ಮುಂದೆ ಚಪ್ಪಲಿ ಬಿಡುವುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಅರಸ ಎಂಟನೆಯ ಹೆನ್ರಿಯೂ 1511ರಲ್ಲಿ ಈ ಯಾತ್ರೆ ಮಾಡಿದ್ದನು. ಬರಿಗಾಲಿನಲ್ಲಿ ನಡೆದನೆಂದೂ ಪ್ರತೀತಿಯಿದೆ. ಅದೇ ಅರಸನ ಆಳ್ವಿಕೆಯಲ್ಲಿ, 1538ರಲ್ಲಿ, ಯಾತ್ರಾಸ್ಥಳ ನಾಶವಾಯಿತು. ಮಾತೆಯ ಪ್ರತಿಮೆಯನ್ನು ಲಂಡನ್ನಿಗೆ ಒಯ್ದು ಸುಟ್ಟರು.

ಪುಟ್ಟ ಗುಡಿಯನ್ನು ಮಾತ್ರ ಯಾರೂ ಕೆಡವಲಿಲ್ಲ. ಆದರೆ ಯಾತ್ರೆಯೇ ನಿಂತ ಮೇಲೆ ದಾರಿಬದಿಯ ಗುಡಿಗೇನು ಕೆಲಸ? ಅದು ಬಡವರ ಆಸರೆಮನೆಯಾಯಿತು, ಕಮ್ಮಾರನ ಕುಲುಮೆಯಾಯಿತು, ದನದ ಕೊಟ್ಟಿಗೆಯಾಯಿತು, ಕಣಜವೂ ಆಯಿತು. ನಿರ್ಗತಿಕರಿಗೆ ಸೂರಾದದ್ದನ್ನು ಅಪಚಾರವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಕೊಟ್ಟಿಗೆಯಾದುದಕ್ಕೂ, ಬೆತ್ಲೆಹೇಮನ್ನು ನೆನೆವ ನಾವು ಹೆಚ್ಚು ಮುನಿಯಲಾರೆವು. ರೈತನಿಗೆ ಅದು ಉಪಯೋಗಕ್ಕೆ ಬಂದುದರಿಂದಲೇ ಗೋಡೆಗಳು ಉಳಿದವೇನೋ! ನೋವಿನ ಸಂಗತಿಯೆಂದರೆ ಸುಮಾರು ನಾಲ್ಕು ಶತಮಾನಗಳ ಕಾಲ ಅಲ್ಲಿ ಬಲಿಪೂಜೆಯಿರಲಿಲ್ಲ.

1896ರಲ್ಲಿ ಷಾರ್ಲಟ್ ಬಾಯ್ಡ್ ಎಂಬ ಮಹಿಳೆಯು ಅದನ್ನು ಕೊಂಡುಕೊಂಡರು. ಆಂಗ್ಲಿಕನ್ ಸಭೆಯವರಾಗಿದ್ದ ಅವರು ಆ ವೇಳೆಗೆ ಕಥೋಲಿಕ ಧರ್ಮಸಭೆಗೆ ಸೇರಿದ್ದರು. ಗುಡಿಯ ಜೀರ್ಣೋದ್ಧಾರವಾಯಿತು, ಅದನ್ನು ಡೌನ್‌ಸೈಡ್ ಮಠದ ಬೆನೆಡಿಕ್ಟೈನ್ ಸನ್ಯಾಸಿಗಳಿಗೆ ಒಪ್ಪಿಸಿದರು. ಆದರೂ ಯಾತ್ರಿಕರಿಲ್ಲದೆ ಅದು ಸುಮಾರು ನಾಲ್ಕು ದಶಕ ಬರಿದಾಗಿಯೇ ಉಳಿಯಿತು. ಆ ಮಹಾತಾಯಿ 1906ರಲ್ಲಿ ತೀರಿಕೊಂಡರು. ತುಂಬಿದ ಗುಡಿಯನ್ನು ಅವರು ಕಾಣಲಿಲ್ಲ. ಗೋಡೆಗೆ ಸುಣ್ಣ ಬಳಿಸಿ ನೆಮ್ಮದಿಪಡುವ ನಮಗೆ ಈ ನಲವತ್ತು ವರ್ಷಗಳೇ ಹೆಚ್ಚು ಚುಚ್ಚುತ್ತವೆ.

1934ರ ಆಗಸ್ಟ್ 15ರಂದು, ಮಾತೆಯ ಸ್ವರ್ಗಾರೋಹಣದ ಹಬ್ಬದಂದು, ಅಲ್ಲಿ ಮರಳಿ ಬಲಿಪೂಜೆ ನಡೆಯಿತು. ನಾಲ್ಕು ದಿನಗಳ ನಂತರ ಕಾರ್ಡಿನಲ್ ಬೋರ್ನ್ ಅವರ ಹಿಂದೆ ಸಾವಿರಾರು ಭಕ್ತರು ನಡೆದುಬಂದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಆ ಪುಣ್ಯಕ್ಷೇತ್ರಕ್ಕೆ ಬಸಿಲಿಕಾ ಪದವಿಯನ್ನಿತ್ತರು. ಈಗಲೂ ಕೆಲವರು ಅಲ್ಲಿ ಪಾದರಕ್ಷೆ ಕಳಚಿ, ಉಳಿದ ಒಂದು ಮೈಲಿಯನ್ನು ಬರಿಗಾಲಿನಲ್ಲಿಯೇ ನಡೆಯುತ್ತಾರೆ.