ಬೀಳುವ ವಿದ್ಯೆ

ಮೊಣಕೈಗೆ ಪೆಟ್ಟಾದ ಹುಡುಗನನ್ನು ಗುರುತಿಸಲು ವೈದ್ಯನೇ ಆಗಿರಬೇಕೆಂದಿಲ್ಲ. ನೋಯುವ ಕೈಯನ್ನು ಇನ್ನೊಂದು ಕೈಯಿಂದ ಕೂಸನ್ನು ಹಿಡಿದಂತೆ ಎದೆಗೆ ಅವಚಿಕೊಂಡು, ಯಾರೂ ತನ್ನನ್ನು ಮುಟ್ಟದಿದ್ದರೆ ಸಾಕೆಂಬ ಮುಖ ಹೊತ್ತು ಅವನು ಬರುತ್ತಾನೆ. ಮೂಳೆವೈದ್ಯನಾಗಿ ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ಇಂಥ ಹುಡುಗರನ್ನು, ಈಚೆಗೆ ಹುಡುಗಿಯರನ್ನೂ, ನಾನು ಬಹಳ ಕಂಡಿದ್ದೇನೆ. ಹುಣಸೆಮರದಿಂದ ಬಿದ್ದವರು, ಸೈಕಲ್ಲಿನಿಂದ ಬಿದ್ದವರು, ಕಬಡ್ಡಿಯಲ್ಲಿ ಬಿದ್ದವರು. ಈಗ ಅವರ ಸಾಲಿಗೆ ಜೂಡೋ ಆಡುವ ಮಕ್ಕಳೂ ಸೇರಿದ್ದಾರೆ. ಇವರನ್ನು ಕುರಿತು ಇಂದು ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರಿಗೆ ಸೇರಿದ್ದರೂ ಶಾಲೆಗಳ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಬೇರೆಯಾಗಿವೆ. ಶಾಲಾ ಕ್ರೀಡೆಗಳ ಪಟ್ಟಿಯಲ್ಲಿ ಖೋಖೋ, ಕಬಡ್ಡಿಗಳ ಜೊತೆಗೆ ಜೂಡೋ ಕೂಡ ಇದೆ. ೧೮೮೨ರಲ್ಲಿ ಜಿಗೋರೋ ಕಾನೋ ಎಂಬ ಶಿಕ್ಷಣತಜ್ಞ ಟೋಕಿಯೋದಲ್ಲಿ ಆರಂಭಿಸಿದ ಈ ಮಲ್ಲವಿದ್ಯೆ ೧೯೬೪ರಲ್ಲಿ ಅದೇ ಊರಿನ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆಯಿತು. ಗರಡಿಮನೆಯನ್ನು ಕಂಡ ನಮ್ಮ ಜನಕ್ಕೆ ಅದೇನೂ ಪರಕೀಯವೆನಿಸದು. ಆದರೆ ಗರಡಿಯಲ್ಲಿ ಹದಮಾಡಿದ ಕೆಮ್ಮಣ್ಣಿತ್ತು. ಶಾಲೆಯ ಸಿಮೆಂಟು ನೆಲದ ಮೇಲೆ ಜಮಖಾನ ಹಾಸಿ ಜೂಡೋ ಕಲಿಸಹೊರಟರೆ ಅದು ವಿದ್ಯೆಯಲ್ಲ, ಸಾಹಸ.

ಬೀಳುವ ಮನುಷ್ಯ ಕೈಯೂರುತ್ತಾನೆ. ಇದು ಯಾರೂ ಕಲಿಸದೆ ಬರುವ ಬುದ್ಧಿ. ಜೂಡೋದಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಪಂದ್ಯವೇ ಹೋಗಬಹುದಾದ್ದರಿಂದ ಕೈಯೂರಿ ತಡೆಯುವ ಆಸೆ ಇನ್ನೂ ಹೆಚ್ಚು. ಅಂಗೈ ನೆಲದಲ್ಲಿ ನಾಟಿ ನಿಂತಿದೆ, ಮೊಣಕೈ ಸೆಟೆದಿದೆ, ಮೇಲಿನಿಂದ ಇಬ್ಬರ ಭಾರ ಇಳಿಯುತ್ತಿದೆ. ಆ ಕ್ಷಣದಲ್ಲಿ ಕೀಲು ತಪ್ಪದಿದ್ದರೆ ಅದೃಷ್ಟವೆನ್ನಬೇಕು. ಈ ಸಹಜಬುದ್ಧಿಯನ್ನು ಮರೆಸುವುದೇ ಜೂಡೋದ ಮೊದಲ ಪಾಠ. ಜಪಾನೀಯರು ಅದನ್ನು ‘ಉಕೆಮಿ’ ಎನ್ನುತ್ತಾರೆ. ಗದ್ದವನ್ನು ಎದೆಗೊತ್ತಿ, ಬೆನ್ನನ್ನು ದುಂಡಗಾಗಿಸಿ, ಇಡೀ ತೋಳಿನಿಂದ ನೆಲವನ್ನು ಬಡಿದು ಬೀಳುವ ವಿದ್ಯೆ ಅದು. ಪಂದ್ಯದ ದಿನ ಹತ್ತಿರವಾದಾಗ ಅವಸರಕ್ಕೆ ಬಲಿಯಾಗುವುದೂ ಇದೇ ಪಾಠ. ಎಸೆಯುವುದನ್ನು ಹದಿನೈದು ದಿನಗಳಲ್ಲಿ ಕಲಿತ ಹುಡುಗ ಬೀಳುವುದನ್ನು ಕಲಿಯದೆಯೇ ಅಖಾಡಕ್ಕಿಳಿಯುತ್ತಾನೆ.

ದೊಡ್ಡವರ ಮೊಣಕೈ ಬೇರೆ, ಹದಿಹರೆಯದವರ ಮೊಣಕೈ ಬೇರೆ. ಈ ಒಂದು ಕೀಲಿನ ಸುತ್ತ ಮೂಳೆ ಬೆಳೆಯುವ ಆರು ಕೇಂದ್ರಗಳಿವೆ. ಅವು ಒಂದೊಂದೂ ಒಂದೊಂದು ವಯಸ್ಸಿನಲ್ಲಿ ಮೂಡಿ, ಒಂದೊಂದು ವಯಸ್ಸಿನಲ್ಲಿ ಬೆಸೆದುಕೊಳ್ಳುತ್ತವೆ. ಮೊಣಕೈಯ ಒಳಬದಿಯಲ್ಲಿ ಬೆರಳಿಗೆ ಸಿಗುವ ಉಬ್ಬು ಎಲ್ಲಕ್ಕಿಂತ ಕೊನೆಯದು. ಅದು ತೋಳಿನ ಮೂಳೆಯೊಡನೆ ಒಂದಾಗುವ ಹೊತ್ತಿಗೆ ಹದಿನೈದೋ ಹದಿನೇಳೋ ವರ್ಷ ಕಳೆದಿರುತ್ತದೆ. ಅಲ್ಲಿಯವರೆಗೆ ನಡುವೆ ಇರುವುದು ಮೃದ್ವಸ್ಥಿಯ ಪದರ. ಎಳೆತ ಬಿದ್ದಾಗ ಕೀಲನ್ನು ಹಿಡಿದ ರಜ್ಜು ಹರಿಯುವ ಬದಲು ಆ ಉಬ್ಬೇ ಕಿತ್ತುಬರುತ್ತದೆ. ಕೆಲವೊಮ್ಮೆ ತಪ್ಪಿದ ಕೀಲು ಮರಳಿ ಕೂರುವಾಗ ಆ ಚೂರನ್ನು ಒಳಗೇ ನುಂಗಿಬಿಡುತ್ತದೆ. ಹೊರಗೆ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಅದಕ್ಕಾಗಿಯೇ ಎಕ್ಸ್‌ರೇ ಅನಿವಾರ್ಯ. ಬೆಳೆಯುವ ಮೂಳೆಯಲ್ಲಿ ಬಿರುಕಾವುದು, ಸಹಜವಾದ ಗೆರೆಯಾವುದು ಎಂಬ ಸಂಶಯ ನನಗೂ ಬರುವುದುಂಟು. ಆಗ ನೋವಿಲ್ಲದ ಕೈಯ ಚಿತ್ರವನ್ನೂ ತೆಗೆಸಿ ಪಕ್ಕದಲ್ಲಿಟ್ಟು ನೋಡುತ್ತೇನೆ.

ಪೆಟ್ಟಿನ ಇನ್ನೊಂದು ದಾರಿ ಕೀಲುಪಟ್ಟು. ಜೂಡೋ ಸ್ಪರ್ಧೆಯಲ್ಲಿ ಪಟ್ಟುಹಾಕಿ ಬಾಗಿಸಲು ಅನುಮತಿಯಿರುವ ಕೀಲು ಒಂದೇ, ಅದು ಮೊಣಕೈ. ಪಟ್ಟಿಗೆ ಸಿಕ್ಕವನು ಅಂಗೈಯಿಂದ ಎರಡು ಸಲ ತಟ್ಟಿದರೆ ಸಾಕು, ಎದುರಾಳಿ ಬಿಡಲೇಬೇಕು. ಆದರೆ ತಟ್ಟುವುದು ಹೇಡಿತನವೆಂದು ಸುತ್ತ ನಿಂತವರು ಕೂಗುತ್ತಿರುವಾಗ ಹದಿನಾಲ್ಕರ ಹುಡುಗ ಏನು ಮಾಡಿಯಾನು? ಹಲ್ಲುಕಚ್ಚಿ ಸಹಿಸುತ್ತಾನೆ. ಜೂಡೋದಲ್ಲಿ ಪಳಗಿದ ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ್ ೨೦೧೮ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಕುರಾಶ್ ಎಂಬ ಮಲ್ಲವಿದ್ಯೆಯಲ್ಲಿ. ಆ ಆಟದಲ್ಲಿ ಕೀಲುಪಟ್ಟು ನಿಷಿದ್ಧ. ಎಳೆಯರಿಗೆ ಮೊದಲ ಕೆಲವು ವರ್ಷ ಜೂಡೋವನ್ನೂ ಹಾಗೆಯೇ ಕಲಿಸಬಾರದೇಕೆ ಎಂದು ನನಗೆ ಅನ್ನಿಸಿದ್ದುಂಟು.

ಇಷ್ಟಾದರೂ ಅಖಾಡದಲ್ಲಿ ಆದ ಪೆಟ್ಟಿಗಿಂತ ಅಖಾಡದ ಹೊರಗೆ ಆಗುವ ಎರಡನೆಯ ಪೆಟ್ಟಿಗೇ ನಾನು ಹೆಚ್ಚು ಹೆದರುತ್ತೇನೆ. ಕೆಲವು ವರ್ಷಗಳ ಹಿಂದೆ ಪಾವಗಡದ ಕಡೆಯ ಹುಡುಗನೊಬ್ಬನನ್ನು ಪೆಟ್ಟಾದ ಮೂರನೆಯ ದಿನ ನನ್ನಲ್ಲಿಗೆ ಕರೆತಂದರು. ಅಭ್ಯಾಸದಲ್ಲಿ ಬಿದ್ದಿದ್ದ. ಹಿರಿಯರೊಬ್ಬರು ಕೈ ಹಿಡಿದು ಜಗ್ಗಿ, ಎಣ್ಣೆ ಹಾಕಿ ನೀವಿ, ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಕಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ ಕೆಲಸ. ಮೊದಲ ರಾತ್ರಿಯೆಲ್ಲಾ ಹುಡುಗ ಅತ್ತಿದ್ದನಂತೆ, ಎರಡನೆಯ ದಿನ ಸುಮ್ಮನಾದನಂತೆ. ನೋವು ಇಳಿಯಿತೆಂದು ಮನೆಯವರು ಸಮಾಧಾನಪಟ್ಟರು. ಇಳಿದದ್ದು ನೋವಲ್ಲ, ಸ್ಪರ್ಶಜ್ಞಾನ. ಬಿಗಿದ ಕಟ್ಟಿನೊಳಗೆ ಕೈ ಊದಿಕೊಂಡು ರಕ್ತ ಹರಿಯದಾದರೆ ಆರು ಗಂಟೆಗಳ ಆಸುಪಾಸಿನಲ್ಲಿ ಮುಂಗೈಯ ಸ್ನಾಯುಗಳು ಸಾಯತೊಡಗುತ್ತವೆ. ಆಮೇಲೆ ಅವು ಮುರುಟಿ, ಬೆರಳುಗಳು ಹದ್ದಿನ ಉಗುರಿನಂತೆ ಒಳಕ್ಕೆ ಬಾಗಿ ನಿಂತುಬಿಡುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ ೧೮೮೧ರಲ್ಲಿಯೇ ಇದನ್ನು ವಿವರಿಸಿ ಬರೆದಿದ್ದಾನೆ. ಇನ್ನು ನೀವುವುದರ ಫಲ ಬೇರೆ: ಜಜ್ಜಿದ ಸ್ನಾಯುವಿನೊಳಗೆ ಮೂಳೆಯೇ ಬೆಳೆದು ಕೀಲು ಮರಗಟ್ಟಿಹೋಗಬಹುದು.

ಆದ್ದರಿಂದ ದೈಹಿಕ ಶಿಕ್ಷಕರಲ್ಲಿ, ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಕೈ ಯಾವ ಭಂಗಿಯಲ್ಲಿದೆಯೋ ಹಾಗೆಯೇ ಇರಲಿ, ನೆಟ್ಟಗೆ ಮಾಡಲು ಹೋಗಬೇಡಿ. ಮಡಿಸಿದ ವೃತ್ತಪತ್ರಿಕೆಯನ್ನೋ ಹಲಗೆಯನ್ನೋ ಆಸರೆಗಿಟ್ಟು ಟವೆಲಿನಿಂದ ಸಡಿಲವಾಗಿ ಕಟ್ಟಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ ಕೊಡದೆ ಕರೆತನ್ನಿ. ದಾರಿಯುದ್ದಕ್ಕೂ ಬೆರಳುಗಳನ್ನು ನೋಡುತ್ತಿರಿ. ಅವು ಬಿಳಿಚಿದರೆ, ಜೋಮು ಹಿಡಿದರೆ, ಬೆರಳನ್ನು ಮೆಲ್ಲನೆ ನೀಡಿಸಿದಾಗ ಹುಡುಗ ಚೀರಿದರೆ ಕಟ್ಟನ್ನು ಕೂಡಲೆ ಬಿಚ್ಚಿ. ಪಾವಗಡದಿಂದ ತುಮಕೂರಿಗೆ ಸುಮಾರು ೧೦೦ ಕಿಲೋಮೀಟರು. ೧೦೮ ವಾಹನ ಬಂದರೂ ಆ ಆರು ಗಂಟೆಗಳಲ್ಲಿ ಒಂದು ಪಾಲು ದಾರಿಗೇ ಸಂದುಹೋಗುತ್ತದೆ. ಬೆಳಗ್ಗೆ ನೋಡೋಣವೆನ್ನುವಷ್ಟು ಕಾಲ ನಮ್ಮಲ್ಲಿಲ್ಲ.

ಆ ಹುಡುಗ ಈಗ ಎಡಗೈಯಲ್ಲಿ ಬರೆಯುತ್ತಾನೆ. ಎರಡು ಶಸ್ತ್ರಚಿಕಿತ್ಸೆಗಳಾದ ಮೇಲೆ ಬಲಗೈಯಲ್ಲಿ ಲೋಟ ಹಿಡಿಯಬಲ್ಲ, ಗುಂಡಿ ಹಾಕಿಕೊಳ್ಳಲಾರ. ಕಳೆದ ಸಲ ಬಂದಾಗ ಅವನ ತಂಗಿಯೂ ಜೊತೆಗಿದ್ದಳು. ಅವಳನ್ನು ಶಾಲೆಯ ಜೂಡೋ ತಂಡಕ್ಕೆ ಆರಿಸಿದ್ದಾರೆ, ಕಳಿಸಬಹುದೇ ಎಂದು ತಂದೆ ಕೇಳಿದರು. ಬೇಡವೆನ್ನುತ್ತೇನೆಂಬ ನಿರೀಕ್ಷೆ ಅವರ ಮುಖದಲ್ಲಿತ್ತು. ಬೀಳುವುದನ್ನು ಕಲಿಸಿದ್ದಾರೆಯೇ ಎಂದು ನಾನು ಹುಡುಗಿಯನ್ನೇ ಕೇಳಿದೆ. ಒಂದು ತಿಂಗಳಿಂದ ಅದೊಂದನ್ನೇ ಮಾಡಿಸುತ್ತಿದ್ದಾರೆಂದು ಅವಳು ಬೇಸರದಿಂದ ಹೇಳಿದಳು. ವಾರ್ಡಿನ ಹಳೆಯ ಹಾಸಿಗೆಯೊಂದನ್ನು ತರಿಸಿ ನೆಲದ ಮೇಲೆ ಹಾಸಿಸಿದೆ. ಹುಡುಗಿ ಚಪ್ಪಲಿ ಕಳಚಿ, ಗದ್ದವನ್ನು ಎದೆಗೊತ್ತಿ ಹಿಂದಕ್ಕೆ ಬಿದ್ದಳು. ತೋಳು ಹಾಸಿಗೆಗೆ ಬಡಿದ ಸದ್ದಿಗೆ ಪಕ್ಕದ ಕೋಣೆಯಿಂದ ದಾದಿ ಗಾಬರಿಯಾಗಿ ಓಡಿಬಂದರು. ಅಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಕಳಿಸಿ ಎಂದೆ.