ಅಗ್ಗದ ಕೆಂಪು ವೈನಿನ ಒಗರು

(ಮೂಗೂರಿನಲ್ಲಿ ಓದುಗರ ಎದುರು ಆಡಿದ ಮಾತುಗಳ ಬರಹ ರೂಪ)



ನಂಜನಗೂಡಿನಿಂದ ತಿ. ನರಸೀಪುರದ ಮೇಲೆ ಹಾದು ಮೂಗೂರಿಗೆ ಬರುವವರು ಬಸ್ಸಿನ ಕಿಟಕಿಯಿಂದ ಅಂಗಡಿಗಳ ಬೋರ್ಡು ಓದುತ್ತ ಬಂದರೆ ‘ವೈನ್ಸ್’ ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಂಥ ಒಂದು ಅಂಗಡಿಗೆ ಹೋಗಿ ‘ವೈನು ಕೊಡಿ’ ಎಂದು ಕೇಳಿದರೆ ಒಳಗಿರುವವರು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ. ಅಲ್ಲಿ ರಮ್ಮು, ಬ್ರಾಂದಿ, ವಿಸ್ಕಿ ಎಲ್ಲ ಕೈಗೆಟಕುವಲ್ಲೇ ಇರುತ್ತವೆ. ವೈನು ಇದ್ದರೆ ಮೂಲೆಯ ಷೆಲ್ಫಿನಲ್ಲಿ, ದೂಳು ಒರೆಸಿ ಕೊಡಬೇಕಾದ ಸ್ಥಿತಿಯಲ್ಲಿ. ಬೋರ್ಡಿನ ಮೇಲಿರುವ ಹೆಸರಿನ ಪದಾರ್ಥವೇ ಸಿಗದ ಅಂಗಡಿ ನಮ್ಮಲ್ಲಿ ಇದೊಂದೇ ಇರಬೇಕು.

ತ್ರಿಪುರಸುಂದರಿ ಅಮ್ಮನವರ ಊರಿನಲ್ಲಿ ನಿಂತು ವೈನಿನ ವಿಷಯ ಮಾತಾಡುವುದೆ ಎಂದು ಕೆಲವರು ಹುಬ್ಬೇರಿಸಿರಬಹುದು. ಕುಡಿಯಿರಿ ಎಂದು ಹೇಳಲು ನಾನು ಬಂದಿಲ್ಲ. ಇದೇ ತಾಲ್ಲೂಕಿನ ಮಣ್ಣಿನಲ್ಲಿ, ಇದೇ ಕಾವೇರಿ ಸೀಮೆಯಲ್ಲಿ ವೈನಿನ ದ್ರಾಕ್ಷಿ ಬೆಳೆಯಬಹುದು, ಬೆಳೆಯಬೇಕು ಎಂದು ಸರ್ಕಾರವೇ ಹೇಳಿದೆ. ಹಾಗಿರುವಾಗ ಅದು ಏನು, ಯಾರು ಕುಡಿಯುತ್ತಾರೆ, ಬೆಳೆದವನಿಗೆ ಏನು ಸಿಗುತ್ತದೆ ಎಂದು ತಿಳಿದುಕೊಳ್ಳುವ ಹಕ್ಕು ಈ ಊರಿಗೆ ಇದೆ.

2007ನೇ ಇಸವಿಯನ್ನು ನೆನಪಿಸಿಕೊಳ್ಳಿ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿ ಎಷ್ಟು ಮನೆ ಹಾಳು ಮಾಡಿತ್ತು ಎಂಬುದನ್ನು ಇಲ್ಲಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಅದೇ ವರ್ಷ ಅದೇ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು, ವೈನ್ ಮಂಡಳಿಯನ್ನು ಸ್ಥಾಪಿಸಿತು. ಒಂದು ಕೈಯಲ್ಲಿ ಬಾಗಿಲು ಮುಚ್ಚಿ ಇನ್ನೊಂದು ಕೈಯಲ್ಲಿ ಕಿಟಕಿ ತೆರೆದಂತೆ. ವೈನು ಹೆಂಡ ಸಾರಾಯಿಗಳ ಸಾಲಿಗೆ ಸೇರಿದ್ದಲ್ಲ, ತೋಟಗಾರಿಕೆಯ ಉತ್ಪನ್ನ ಎಂಬುದು ನೀತಿಯ ಹಿಂದಿದ್ದ ವಾದ. ಬಡವನ ಕುಡಿತ ಚಟ, ಸಾಹುಕಾರನ ಕುಡಿತ ಸಂಸ್ಕೃತಿ ಎಂದು ಇದನ್ನು ಟೀಕಿಸಿದವರಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಆದರೆ ಅದಕ್ಕೆ ಪೂರ್ತಿ ಉತ್ತರ ಸಿಗುವುದು ಅಗ್ಗದ ಬಾಟಲಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದಲೇ ನಾನು ವೈನರಿಗಳನ್ನು ನೋಡಲು ಹೊರಟಾಗ ಒಂದು ನಿಯಮ ಹಾಕಿಕೊಂಡೆ: ಕೆಂಪು ವೈನು ಮಾತ್ರ, ಅದೂ ಐನೂರು-ಆರುನೂರು ರೂಪಾಯಿಯೊಳಗಿನದು. ವರದಿಗಾರನ ಸಂಬಳಕ್ಕೂ ಆ ನಿಯಮ ಅನುಕೂಲವಾಗಿತ್ತು ಎನ್ನಿ.

ನಮ್ಮ ನಾಡಿಗೆ ದ್ರಾಕ್ಷಿ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಪಾನಗೋಷ್ಠಿಯ ವಿವರಗಳಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಗೊಂಚಲು ಮಾರುತ್ತಿದ್ದುದನ್ನು, ಅದರ ಬೆಲೆಯ ಸಮೇತ, ಬರೆದಿಟ್ಟಿದ್ದಾನೆ. ಆದರೆ ಜನಸಾಮಾನ್ಯರ ಪಾನೀಯವಾಗಿ ವೈನು ಇಲ್ಲಿ ಬೇರು ಬಿಡಲಿಲ್ಲ. ಕನ್ನಡ ಸಾಹಿತ್ಯದ ಅತಿ ಪ್ರಸಿದ್ಧ ಕುಡುಕನಾದ, ಜಿ.ಪಿ. ರಾಜರತ್ನಂ ಅವರ ರತ್ನ ಕುಡಿದದ್ದು ಹೆಂಡವನ್ನೇ.

ವೈನಿನ ಮಾತು ಬಂದಾಗ ಮೊದಲು ಹೇಳಬೇಕಾದ ಹೆಸರು ‘ಬೆಂಗಳೂರು ಬ್ಲೂ’. ರೈತರು ‘ಬ್ಲೂ ದ್ರಾಕ್ಷಿ’ ಎನ್ನುತ್ತಾರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ತಲೆತಲಾಂತರದಿಂದ ಬೆಳೆಯುತ್ತಿರುವ ತಳಿ ಇದು. ಕಪ್ಪು ಛಾಯೆಯ ದುಂಡು ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗಿಟ್ಟರೆ ಸಿಪ್ಪೆ ಜಾರಿ ತಿರುಳು ಬೇರೆಯಾಗುತ್ತದೆ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ, ನಮ್ಮ ನಂಜನಗೂಡು ರಸಬಾಳೆಗೆ ಸಿಕ್ಕ ಹಾಗೆಯೇ. ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಜಾಡಿಯಲ್ಲಿ ಹಾಕಿಡುವ ವೈನು ಬಹುಮಟ್ಟಿಗೆ ಈ ಹಣ್ಣಿನದೇ. ಅಂಗಡಿಯಲ್ಲಿ ಸಿಗುವ ಅಗ್ಗದ, ಸಿಹಿಯಾದ, ‘ಪೋರ್ಟ್’ ಎಂದು ಕರೆಸಿಕೊಳ್ಳುವ ಕೆಂಪು ವೈನುಗಳಿಗೂ ನಮ್ಮಲ್ಲಿ ಇದೇ ಆಧಾರ.

ಎರಡನೆಯ ಬಗೆಯದು ಯುರೋಪಿನ ತಳಿಗಳದು: ಕ್ಯಾಬರ್ನೆ ಸೊವಿನ್ಯೋ, ಶಿರಾಜ್ ಮುಂತಾದವು. ಇವನ್ನು ಕರ್ನಾಟಕಕ್ಕೆ ಗಂಭೀರವಾಗಿ ತಂದವರು ಕನ್ವಲ್ ಗ್ರೋವರ್. ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ 1988ರಲ್ಲಿ ತೋಟ ಶುರುವಾಗಿ, 1992ರ ಹೊತ್ತಿಗೆ ಮೊದಲ ವೈನು ಬಂತು. ಅನಂತರ ಬೋರ್ಡೊದ ಹೆಸರಾಂತ ತಜ್ಞ ಮಿಷೆಲ್ ರೋಲಾನ್ ಅಲ್ಲಿಗೆ ಸಲಹೆಗಾರರಾದರು. ಚನ್ನಪಟ್ಟಣದ ಹೆದ್ದಾರಿ ಬದಿಯ ಹೆರಿಟೇಜ್ ವೈನರಿಯನ್ನು 2017ರಲ್ಲಿ ನಾಸಿಕದ ಸುಲಾ ಕಂಪನಿ ಕೊಂಡಿತು. ಬೊಂಬೆಗಳ ಊರಿಗೆ ಬಂದವರು ವೈನರಿಯನ್ನೂ ನೋಡಿ ಹೋಗುವ ರೂಢಿ ಹೀಗೆ ಬೆಳೆಯಿತು.

ವೈನರಿಯೊಳಗೆ ಕಾಲಿಟ್ಟವರಿಗೆ ಮೊದಲು ಸ್ವಲ್ಪ ನಿರಾಶೆಯೇ ಆಗುತ್ತದೆ. ಸಿನಿಮಾದಲ್ಲಿ ತೋರಿಸುವ ಕಲ್ಲಿನ ನೆಲಮಾಳಿಗೆ ಇರಬೇಕೆಂದಿಲ್ಲ. ಹಾಲಿನ ಡೇರಿಯ ಹಾಗೆ ಸಾಲು ಸಾಲು ಉಕ್ಕಿನ ಟ್ಯಾಂಕುಗಳು, ತಂಪು ಮಾಡುವ ಯಂತ್ರ, ತೊಳೆದ ಸಿಮೆಂಟು ನೆಲ. ಕಪ್ಪು ದ್ರಾಕ್ಷಿಯ ತಿರುಳನ್ನು ಹಿಚುಕಿದರೆ ಬರುವ ರಸ ಬಹುತೇಕ ಬಣ್ಣವಿಲ್ಲದ್ದು. ಕೆಂಪು ಇರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ವೈನಿಗೆ ಸಿಪ್ಪೆ, ಬೀಜ ಸಮೇತ ಹುಳಿಯಲು ಬಿಡುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಆಲ್ಕೊಹಾಲು ಮಾಡುತ್ತದೆ. ದೋಸೆ ಹಿಟ್ಟು ಉಕ್ಕಿದಂತೆ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಕೆನೆಯಂತೆ ಕಟ್ಟುತ್ತದೆ. ಅದನ್ನು ದಿನವೂ ಕೆಳಕ್ಕೆ ಒತ್ತುತ್ತಿರಬೇಕು. ಆಮೇಲೆ ಹಿಂಡಿ, ತಿಳಿಗೊಳಿಸಿ, ಟ್ಯಾಂಕಿನಲ್ಲೋ ಓಕ್ ಮರದ ಪೀಪಾಯಿಯಲ್ಲೋ ಇಡುತ್ತಾರೆ. ಬೆಲೆಯ ವ್ಯತ್ಯಾಸ ಇಲ್ಲಿಂದ ಶುರುವಾಗುತ್ತದೆ. ಒಂದು ಬಾಟಲಿಗೆ ಬೇಕಾಗುವುದು ಒಂದು ಕಿಲೋ ಚಿಲ್ಲರೆ ದ್ರಾಕ್ಷಿ. ಆದರೆ 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿ ಹಡಗಿನಲ್ಲಿ ಬರಬೇಕು, ಕೆಲವು ವರ್ಷಕ್ಕೇ ಅದರ ಸಾರ ಮುಗಿಯುತ್ತದೆ. ಪೀಪಾಯಿ ಕಾಣದ ವೈನು ಅಗ್ಗ. ಅಗ್ಗವೆಂದರೆ ಕಲಬೆರಕೆ ಎಂದು ತಿಳಿಯಬೇಕಾಗಿಲ್ಲ. ಬೇಗ ಮಾಡಿ ಬೇಗ ಮಾರಿದ್ದು ಎಂದರ್ಥ.

ಇನ್ನು ರುಚಿ. ರುಚಿ ನೋಡುವ ಕೋಣೆಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಕೆಂಪು ವೈನು ನಾಲಿಗೆ, ವಸಡುಗಳನ್ನು ಹಿಡಿದುಕೊಳ್ಳುವ ಗುಣವನ್ನು ವಿವರಿಸಲು ಹೋಗಿ ಅವರು ಪಡುವ ಪಾಡು ನೋಡಬೇಕು. ಕನ್ನಡದಲ್ಲಿ ಅದಕ್ಕೆ ಮೂರಕ್ಷರ ಸಾಕು: ಒಗರು. ಷಡ್ರಸಗಳಲ್ಲಿ ಒಂದಾಗಿ ಅದನ್ನು ಎಣಿಸಿದವರು ನಾವು. ನೆಲ್ಲಿಕಾಯಿ, ನೇರಳೆ, ಬಾಳೆಕಾಯಿ, ಎಳೆ ಅಡಿಕೆ ತಿಂದು ಬೆಳೆದ ಬಾಯಿಗೆ ಕೆಂಪು ವೈನಿನ ಒಗರು ಪರದೇಶಿಯೇನಲ್ಲ. ಆ ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಶಿರಾಜ್ ವೈನಿನಲ್ಲಿ ಕರಿಮೆಣಸಿನ ವಾಸನೆ ಬರುತ್ತದೆಂದು ಹೇಳಿದಾಗ ಮೊದಲು ನಾನು ನಂಬಿರಲಿಲ್ಲ. ಅದು ಬರಿಯ ಕಲ್ಪನೆಯಲ್ಲ. ಮೆಣಸಿನ ಕಾಳಿನಲ್ಲೂ ಶಿರಾಜ್ ದ್ರಾಕ್ಷಿಯಲ್ಲೂ ಇರುವುದು ರೊಟಂಡೋನ್ ಎಂಬ ಒಂದೇ ಪದಾರ್ಥವೆಂದು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಸರಿಯಾಗಿ ಮಾಗದ ಕ್ಯಾಬರ್ನೆಯಲ್ಲಿ ದೊಣ್ಣೆ ಮೆಣಸಿನಕಾಯಿ ಹೆಚ್ಚಿದಾಗಿನ ಹಸಿ ವಾಸನೆ ಬರುತ್ತದೆ, ಅದನ್ನೂ ಯಾರಾದರೂ ಗುರುತಿಸಬಹುದು.

ನನ್ನ ನಿಯಮದೊಳಗೆ ಬಂದ ಬಾಟಲಿಗಳಲ್ಲಿ ಶಿರಾಜ್ ಬೆರೆತವು ಮೇಲೆನಿಸಿದವು. ನಮ್ಮ ಬಿಸಿಲಿಗೆ ಆ ತಳಿ ಹೊಂದಿಕೊಳ್ಳುತ್ತದೆ. ಬೆಂಗಳೂರು ಬ್ಲೂನ ಸಿಹಿ ವೈನನ್ನು ಪರಿಣತರು ಮೂಗು ಮುರಿದು ಪಕ್ಕಕ್ಕಿಡುತ್ತಾರೆ. ಅದರ ವಾಸನೆ ಜಾಮಿನದು, ಮಕ್ಕಳ ಷರಬತ್ತಿನದು ಎಂಬುದು ಅವರ ದೂರು. ಸಕ್ಕರೆ ಹಾಕಿ ಹಾಕಿ ಹಣ್ಣಿನ ಗುಣವನ್ನೇ ಮುಚ್ಚಿಬಿಟ್ಟ ಬಾಟಲಿಗಳೂ ಇವೆ, ಅವನ್ನು ಹೊಗಳಲಾರೆ. ಆದರೆ ಒಂದು ಮಾತು. ನಾಟಿ ಕೋಳಿ ಸಾರಿನ ಕಾರದ ಜತೆ ದುಬಾರಿ ಕ್ಯಾಬರ್ನೆ ಕುಡಿದು ನೋಡಿ. ಕಾರ ಒಗರನ್ನು ಕೆರಳಿಸುತ್ತದೆ, ಬಾಯಿ ಉರಿಯುತ್ತದೆ. ಅಲ್ಲಿ ಹಿತವೆನಿಸುವುದು ಸ್ವಲ್ಪ ಸಿಹಿಯಿರುವ ಬ್ಲೂ ವೈನೇ. ಇನ್ನೊಂದು, ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂದು ಪುಸ್ತಕಗಳು ಹೇಳುತ್ತವೆ. ಆ ಕೋಣೆ ಇರುವುದು ಯುರೋಪಿನಲ್ಲಿ, ಹದಿನೇಳು-ಹದಿನೆಂಟು ಡಿಗ್ರಿ. ಏಪ್ರಿಲಿನಲ್ಲಿ ತಿ. ನರಸೀಪುರದ ಕೋಣೆ ಹೇಗಿರುತ್ತದೆಂದು ನಿಮಗೇ ಗೊತ್ತು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಯಾವ ತಪ್ಪೂ ಇಲ್ಲ.

ಬ್ಲೂ ದ್ರಾಕ್ಷಿಗೆ ಅಂಟಿದ ಕೀಳು ಹೆಸರಿನ ಹಿಂದೆ ಬರಿಯ ನಾಲಿಗೆಯ ತೀರ್ಪಿಲ್ಲ. ಅದರಲ್ಲಿ ಅಮೆರಿಕದ ಲಾಬ್ರುಸ್ಕಾ ಜಾತಿಯ ರಕ್ತವಿದೆ. ಇಸಾಬೆಲ್ಲಾ ಎಂಬ ತಳಿಯ ಹತ್ತಿರದ ಬಳಗ. ಫ್ರಾನ್ಸಿನಲ್ಲೂ ಬಡ ರೈತರು ಇಸಾಬೆಲ್ಲಾದಂಥ ತಳಿಗಳನ್ನು ಬೆಳೆಯುತ್ತಿದ್ದರು. ಔಷಧಿ ಸಿಂಪಡಿಸದಿದ್ದರೂ ರೋಗಕ್ಕೆ ತಡೆದುಕೊಳ್ಳುತ್ತಿದ್ದವು, ಖರ್ಚು ಕಡಿಮೆ. ವೈನು ಅತಿಯಾಗಿ ಬೆಲೆ ಕುಸಿದಾಗ, 1934ರಲ್ಲಿ ಅಲ್ಲಿನ ಸರ್ಕಾರ ಇಸಾಬೆಲ್ಲಾ ಸೇರಿ ಆರು ತಳಿಗಳನ್ನು ನಿಷೇಧಿಸಿತು. ವಾಸನೆ ಕೆಟ್ಟದು, ಆರೋಗ್ಯಕ್ಕೆ ಹಾನಿ ಎಂದೆಲ್ಲ ಕಾರಣ ಕೊಟ್ಟರು. ಮಾರುಕಟ್ಟೆ ತುಂಬಿತ್ತು, ಯಾರನ್ನಾದರೂ ಹೊರಹಾಕಬೇಕಿತ್ತು ಎಂಬುದು ಒಳಗಿನ ಮಾತು. ಆ ತೀರ್ಪನ್ನೇ ನಾವು ಇಲ್ಲಿ ಕುಳಿತು ಒಪ್ಪಿಸಿಕೊಂಡು, ನಮ್ಮ ರೈತರ ಹಣ್ಣನ್ನು ಹೀಗಳೆಯುವುದು ನನಗೆ ಸರಿ ಕಾಣಲಿಲ್ಲ.

ಆರೋಗ್ಯದ ವಿಷಯಕ್ಕೆ ಬರೋಣ. ಸಭೆ ಶುರುವಾಗುವ ಮೊದಲೇ ಹಿರಿಯರೊಬ್ಬರು ‘ಅದು ಹೃದಯಕ್ಕೆ ಒಳ್ಳೆಯದಂತಲ್ಲಪ್ಪ’ ಎಂದು ಕೇಳಿದರು. 1990ರ ದಶಕದಲ್ಲಿ ಆ ಮಾತು ಲೋಕವೆಲ್ಲ ಹಬ್ಬಿತ್ತು: ಫ್ರೆಂಚರು ಬೆಣ್ಣೆ ತಿಂದರೂ ಹೃದ್ರೋಗ ಕಡಿಮೆ, ಕಾರಣ ಕೆಂಪು ವೈನು ಎಂದು. ಮುಂದಿನ ಅಧ್ಯಯನಗಳು ಆ ನಂಬಿಕೆಯನ್ನು ಸಡಿಲಗೊಳಿಸಿವೆ. ಆಲ್ಕೊಹಾಲಿಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಔಷಧವೆಂದು ಯಾರೂ ಕುಡಿಯಬೇಡಿ. ‘ವೈನು ತಾನೆ’ ಎನ್ನುವವರಿಗೆ ಒಂದು ಸಣ್ಣ ಲೆಕ್ಕ: ಶೇ. 13ರ ವೈನಿನ 750 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 97 ಮಿಲಿಲೀಟರ್ ಶುದ್ಧ ಆಲ್ಕೊಹಾಲು ಇರುತ್ತದೆ, ಶೇ. 42.8ರ ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ 77. ಅಂದರೆ ಇಡೀ ಬಾಟಲಿ ಒಬ್ಬನೇ ಮುಗಿಸಿದವನು ಕ್ವಾರ್ಟರಿಗಿಂತ ಹೆಚ್ಚೇ ಕುಡಿದಿದ್ದಾನೆ. ವೈನು ಸೌಮ್ಯವೆನಿಸುವುದು ನಾಲ್ಕು ಜನ ಹಂಚಿಕೊಂಡು, ಊಟದ ಜತೆ ನಿಧಾನವಾಗಿ ಕುಡಿದಾಗ ಮಾತ್ರ.

ಇನ್ನು ಉಳಿದದ್ದು ನಮ್ಮ ತಾಲ್ಲೂಕಿನ ಪ್ರಶ್ನೆ. ವೈನಿನ ದ್ರಾಕ್ಷಿಗೆಂದು ಗುರುತಾದ ನಾಡಿನ ಸೀಮೆಗಳಲ್ಲಿ ನಂದಿ, ಕೃಷ್ಣಾ ಮತ್ತು ಕಾವೇರಿ ಕಣಿವೆಗಳು ಸೇರಿವೆ. ಕಾವೇರಿಯ ಪಾಲಿಗೆ ನಾವು ಬರುತ್ತೇವೆ. ಇದೇ ತಿ. ನರಸೀಪುರ ತಾಲ್ಲೂಕಿನಲ್ಲಿ ಆಲ್ಪೈನ್ ವೈನರಿ ಬಂದದ್ದು, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ದ್ರಾಕ್ಷಿಯಿಂದ ‘ವಿಂಡಿವಾ’ ಎಂಬ ಹೆಸರಿನ ವೈನು ಮಾಡಿದ್ದು, ಅದಕ್ಕೆ ಬೋರ್ಡೊದಿಂದ ಸ್ಟೆಫಾನ್ ದರ್ನಾನ್ಕೂರ್ ಅಂಥ ತಜ್ಞರನ್ನು ಕರೆಸಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಇಲ್ಲಿ ಆಗುವುದಿಲ್ಲ ಎಂಬ ಮಾತಿಗೆ ಅದು ಉತ್ತರ.

ಆಗುವುದು ಬೇರೆ, ಗಿಟ್ಟುವುದು ಬೇರೆ. ಯುರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಬೇಕು. ವಿಜಯಪುರದ ಕಡೆಯವರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎನ್ನುವುದು ಇದನ್ನೇ. ಅಕ್ಟೋಬರಿನ ಚಾಟ್ನಿಯ ಮೇಲೆ ಮಳೆ ಹಿಡಿದರೆ ಬೂಜು ರೋಗ. ಕಬ್ಬು, ಭತ್ತ ನೋಡಿಕೊಂಡಂತೆ ನೋಡಿಕೊಂಡರೆ ಆಗದ ಬೆಳೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕ್ಯಾಬರ್ನೆ, ಶಿರಾಜ್ ಹಣ್ಣು ಸಣ್ಣದು, ಬಾಯಿ ತುಂಬ ಬೀಜ. ವೈನರಿ ಬೇಡವೆಂದರೆ ಸಂತೆಯಲ್ಲಿ ಕೊಳ್ಳುವವರಿಲ್ಲ. 2008ರ ಆರ್ಥಿಕ ಕುಸಿತದ ನಂತರ ನಾಸಿಕದಲ್ಲಿ ಆದದ್ದು ಇದೇ. ಟ್ಯಾಂಕುಗಳಲ್ಲಿ ವೈನು ಮಾರಾಟವಾಗದೆ ಉಳಿಯಿತು, ವೈನರಿಗಳು ಖರೀದಿ ಕಡಿಮೆ ಮಾಡಿದವು, ಎಷ್ಟೋ ರೈತರು ಬಳ್ಳಿಯನ್ನೇ ಕಿತ್ತು ಹಾಕಿದರು. ಬೆಂಗಳೂರು ಬ್ಲೂ ಬೆಳೆದವನಿಗೆ ಆ ಪಾಡಿಲ್ಲ. ಅವನ ಹಣ್ಣು ಬುಟ್ಟಿಯಲ್ಲೂ ಹೋಗುತ್ತದೆ, ಜ್ಯೂಸಿಗೂ ಹೋಗುತ್ತದೆ. ನಾನು ಅಗ್ಗದ ಬ್ಲೂ ವೈನಿನ ಪರ ಇಷ್ಟು ಹೊತ್ತು ಮಾತಾಡಿದ್ದಕ್ಕೆ ಇದೂ ಕಾರಣ. ಆ ಹಣ್ಣಿಗೆ ಸಕ್ಕರೆ ಸುರಿಯದೆ, ಶುಚಿಯಾಗಿ, ಒಗರು ಉಳಿಸಿಕೊಂಡು ವೈನು ಮಾಡಿ, ಸಂಬಳದವನು ಕೊಳ್ಳುವ ಬೆಲೆಗೆ ಮಾರುವ ವೈನರಿ ಬಂದರೆ ಬೆಳೆದವನ ತಲೆಯ ಮೇಲೆ ಅಪಾಯ ಕಡಿಮೆ. ಮಂಡಳಿಯ ಗಮನ ಫ್ರೆಂಚ್ ಹೆಸರುಗಳಿಗಿಂತ ಇತ್ತ ಹೆಚ್ಚು ಹರಿಯಬೇಕಿತ್ತು ಎಂದು ನನಗೆ ಅನಿಸುತ್ತದೆ.

ಆದರೂ ಯಾವುದಾದರೂ ಕಂಪನಿಯವರು ನಿಮ್ಮ ಹೊಲಕ್ಕೆ ಬಂದು ಯುರೋಪಿನ ತಳಿ ಹಾಕಿ ಎಂದರೆ ಕಾಗದವನ್ನು ಓದಿಸಿ ಕೇಳಿ. ದರ ತೂಕಕ್ಕೋ, ಹಣ್ಣಿನ ಸಕ್ಕರೆ ಅಂಶಕ್ಕೋ? ಕೊಯ್ಲಿನ ದಿನ ಗೊತ್ತು ಮಾಡುವವರು ಯಾರು? ಅಕಾಲ ಮಳೆಗೆ ಹಣ್ಣು ಒಡೆದರೆ ನಷ್ಟ ಯಾರದು? ಕಲ್ಲುಕಂಬ, ತಂತಿ, ಹನಿ ನೀರಾವರಿಗೆ ಹಾಕಿದ ದುಡ್ಡು ಹಿಂದಕ್ಕೆ ಬರಲು ವರ್ಷಗಳು ಬೇಕು. ಬಳ್ಳಿ ನೆಟ್ಟ ಮೇಲೆ ಲೆಕ್ಕಕ್ಕೆ ಸಿಗುವ ಫಸಲು ಬರುವುದು ಮೂರನೆಯ ವರ್ಷದ ಹೊತ್ತಿಗೆ, ಅಲ್ಲಿಂದ ಮುಂದೆ ಹದಿನೈದು ವರ್ಷವಾದರೂ ಅದು ಹೊಲದಲ್ಲಿ ನಿಂತಿರುತ್ತದೆ. ಕಂಪನಿ ರುಜು ಹಾಕಿರುವುದು ಎಷ್ಟು ವರ್ಷಕ್ಕೆ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ.