90 ದಿನದ ಲೆಕ್ಕ

ಕಡೂರು, ತರೀಕೆರೆ, ಅಜ್ಜಂಪುರದಿಂದ ಅಮೆರಿಕಕ್ಕೆ ಎಂಎಸ್ ಓದೋಕೆ ಹೋಗಿರೋರಿಗೆ ಇವತ್ತಿನ ಮಾತು. ಓದು ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡೋ ಅನುಮತಿ ಇದೆ. ವಿಜ್ಞಾನ, ಎಂಜಿನಿಯರಿಂಗ್‌ನವರು ಇನ್ನೂ 24 ತಿಂಗಳು ಕೇಳಬಹುದು. ಊರಲ್ಲಿ "ಮೂರು ವರ್ಷ ಸಿಗುತ್ತಂತೆ" ಅನ್ನೋದಷ್ಟೇ ಸುದ್ದಿ. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸ ಇಲ್ಲದೆ ಇರೋ ಹಾಗಿಲ್ಲ, ಇದ್ರೆ ವೀಸಾ ಸ್ಥಿತಿಗೇ ಕುತ್ತು. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಸೇರುತ್ತೆ. ಎಣಿಕೆ ಶುರುವಾಗೋದು ಅನುಮತಿ ಕಾರ್ಡಲ್ಲಿರೋ ಆರಂಭದ ತಾರೀಖಿಂದ. ಕೋರ್ಸ್ ಮುಗಿದ 60 ದಿನದೊಳಗೆ ಯಾವ ತಾರೀಖು ಬೇಕು ಅಂತ ಅರ್ಜೀಲಿ ನೀವೇ ಕೇಳ್ಕೋಬಹುದು. ಕೈಯಲ್ಲಿ ಕೆಲಸ ಇಲ್ವಾ? ತಾರೀಖು ಮುಂದಕ್ಕೆ ಹಾಕಿ. ಅರ್ಜಿ ಮಾತ್ರ ತಡ ಬೇಡ, ಕೋರ್ಸ್ ಮುಗಿಯೋಕೆ 90 ದಿನ ಮುಂಚೇನೇ ಹಾಕಬಹುದು. ಅಪ್ಪ ತೋಟ ಅಡ ಇಟ್ಟು ಸಾಲ ಮಾಡಿದ್ರೆ ಅವರಿಗೂ ಈ ಲೆಕ್ಕ ಹೇಳಿಬಿಡಿ. "ಕೆಲಸ ಸಿಕ್ತೇನೋ?" ಅಂತ ದಿನಾ ಕೇಳೋದು ಸ್ವಲ್ಪ ಕಡಿಮೆ ಆಗಬಹುದು.